ಲೇಖನಿಯ ಕಾಯಕವೂ ಋಣದ ಭಾರವೂ



ಋಣವೆಂಬ ಶಬ್ದವನ್ನು ನಮ್ಮ ಹಿರಿಯರು ಎರಡು ಅರ್ಥಗಳಲ್ಲಿ ಬಳಸುತ್ತ ಬಂದಿದ್ದಾರೆ. ತಾಯಿತಂದೆಗಳಿಂದ, ಗುರುಹಿರಿಯರಿಂದ ಪಡೆದುದು ಒಂದು ಬಗೆಯ ಋಣ. ಅದು ತೀರತಕ್ಕದ್ದಲ್ಲ, ತೀರಲಿಲ್ಲವೆಂದು ಯಾರೂ ಬಾಗಿಲಿಗೆ ಬಂದು ನಿಲ್ಲುವುದೂ ಇಲ್ಲ. ಇನ್ನೊಂದು ಹಣಕಾಸಿನ ಋಣ. ಇದಕ್ಕೆ ಪತ್ರವುಂಟು, ಸಾಕ್ಷಿಯುಂಟು, ವಾಯಿದೆಯುಂಟು, ಬಡ್ಡಿಯುಂಟು. ಸಾಲವನ್ನು ತರುವಾಗಿನ ಸುಖವನ್ನೂ ಮರಳಿ ಕೊಡುವಾಗಿನ ಸಂಕಟವನ್ನೂ ಸರ್ವಜ್ಞನು ಒಂದೇ ತ್ರಿಪದಿಯಲ್ಲಿ ತೂಗಿ ತೋರಿಸಿದ್ದಾನೆ. ಆ ತ್ರಿಪದಿಯು ಅಕ್ಷರ ಬಾರದವರಿಗೂ ಬಾಯಿಪಾಠವಾಗಿದೆ. ಅದನ್ನು ಹೇಳುತ್ತಲೇ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವವರೂ ಇದ್ದಾರೆ.

ಈಗ ನಾವು ವಿಚಾರಿಸಬೇಕಾದುದು ಈ ಎರಡನೆಯ ಋಣದ ಒಂದು ವಿಶೇಷ ಸಂದರ್ಭವನ್ನು. ಒಬ್ಬ ಸದ್ಭಕ್ತನು ಸಾಲದಲ್ಲಿ ಸಿಕ್ಕಿದ್ದಾನೆಂದು ತಿಳಿಯೋಣ. ಅವನಿಗೆ ಹೊಲವಿಲ್ಲ, ಅಂಗಡಿಯಿಲ್ಲ. ಇರುವ ಸಣ್ಣ ಸಂಬಳವು ಮನೆಯ ಅಕ್ಕಿಬೇಳೆಗೆ ಸರಿಹೋಗುತ್ತದೆ. ಆದರೆ ನಾಲ್ಕು ಜನ ಓದಿ ಮೆಚ್ಚುವಂತೆ ಬರೆಯುವ ಶಕ್ತಿಯೊಂದನ್ನು ಶಿವನು ಅವನಿಗೆ ಕೊಟ್ಟಿದ್ದಾನೆ. ಬರೆದು ಹಣವನ್ನು ಗಳಿಸಿ, ಆ ಹಣದಿಂದ ಸಾಲವನ್ನು ತೀರಿಸುವುದು ಧರ್ಮವೋ ಅಲ್ಲವೋ? ಇದು ಕೆಲಸವಿಲ್ಲದೆ ಕೇಳಿದ ಪ್ರಶ್ನೆಯಲ್ಲ. ಮನೆಯಲ್ಲಿ ಕುಳಿತೇ ಬರೆದು ಗಳಿಸಬಹುದೆಂಬ ಮಾತು ಇಂದು ಊರೂರಿಗೂ ಹಬ್ಬಿದೆ. ಅದನ್ನು ನಂಬಿ ಕುಳಿತವರಲ್ಲಿ ಸಾಲಗಾರರ ಮಕ್ಕಳೂ ಇದ್ದಾರೆ, ಸ್ವತಃ ಸಾಲಗಾರರೂ ಇದ್ದಾರೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ನಮ್ಮ ಶರಣರು ನುಡಿಯನ್ನು ಮಾರಿದವರಲ್ಲ. ಮಾದಾರ ಚೆನ್ನಯ್ಯನಾಗಲಿ, ಮಡಿವಾಳ ಮಾಚಯ್ಯನಾಗಲಿ, ಅಂಬಿಗರ ಚೌಡಯ್ಯನಾಗಲಿ ತಮ್ಮ ತಮ್ಮ ಕಾಯಕದಿಂದ ಹೊಟ್ಟೆ ಹೊರೆದರು. ವಚನವನ್ನು ಲಿಂಗಕ್ಕೆ ಅರ್ಪಿಸಿದರು. ಹೊಟ್ಟೆಯ ಪಾಡಿಗಾಗಿ ವಿದ್ಯೆಯನ್ನು ಬೀದಿಯಲ್ಲಿ ಹರಡಿ ಕುಳಿತವರನ್ನು ಅವರು ಕಟುವಾಗಿ ಹಳಿದಿದ್ದಾರೆ. ಹೀಗಿರಲು, ಹಣಕ್ಕಾಗಿ ಬರೆಯುವವನು ಶರಣಮಾರ್ಗದಲ್ಲಿ ಹೇಗೆ ನಿಂತಾನು? ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಕಲ್ಯಾಣದ ಅನುಭಾವಿಗಳ ಪಟ್ಟಿಯನ್ನು ಸಾವಧಾನವಾಗಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಅಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದಂತೆ, ವೇಷ ಕಟ್ಟಿ ಆಡುವ ಬಹುರೂಪಿ ಚೌಡಯ್ಯನೂ ಇದ್ದಾನೆ. ಕಿನ್ನರಿ ನುಡಿಸುವ ಬೊಮ್ಮಯ್ಯನಿದ್ದಾನೆ, ಡಕ್ಕೆ ಬಾರಿಸುವ ಬೊಮ್ಮಣ್ಣನಿದ್ದಾನೆ. ಜನರನ್ನು ನಗಿಸುವುದನ್ನೇ ಕಾಯಕವಾಗಿ ಹಿಡಿದ ನಗೆಯ ಮಾರಿತಂದೆಯಿದ್ದಾನೆ. ಇವರೆಲ್ಲರ ಸರಕು ಕಣ್ಣಿಗೆ ಕಾಣುವ ವಸ್ತುವಲ್ಲ; ದನಿ, ಮಾತು, ಆಟ. ಅದಕ್ಕೆ ದೊರೆತ ಪ್ರತಿಫಲದಿಂದಲೇ ಅವರು ಬಾಳಿದರು, ದಾಸೋಹ ಮಾಡಿದರು. ನಗೆಗೆ ಪ್ರತಿಫಲ ಪಡೆದವನನ್ನು ಶರಣಗಣವು ಹೊರಗಿಡಲಿಲ್ಲವೆಂದ ಮೇಲೆ, ಬರವಣಿಗೆಗೆ ಪ್ರತಿಫಲ ಪಡೆದವನನ್ನು ಹೊರಗಿಡಲು ನಾವು ಯಾರು?

ಅಷ್ಟೇ ಅಲ್ಲ, ಅಣ್ಣ ಬಸವಣ್ಣನವರ ಮೊದಲ ಕಾಯಕವೇ ಲೇಖನಿಯದು. ಮಂಗಳವಾಡದಲ್ಲಿ ಬಿಜ್ಜಳನ ಭಂಡಾರದ ಕರಣಿಕರಾಗಿ ಅವರು ಲೆಕ್ಕ ಬರೆದರೆಂದು ಚರಿತ್ರೆಗಳು ಹೇಳುತ್ತವೆ. ದೊರೆಯ ಹೊನ್ನು ಕೈಯ ಕೆಳಗೆ ಹರಿಯುತ್ತಿದ್ದರೂ ತಮಗಾಗಿ ಒಂದು ಕಣವನ್ನೂ ಬಯಸೆನೆಂಬ ನಿಷ್ಠೆಯನ್ನು ಅವರು ವಚನದಲ್ಲಿ ಆಣೆಯಿಟ್ಟು ಹೇಳಿಕೊಂಡಿದ್ದಾರೆ. ಬರೆಯುವ ಕೈಗೆ ವೇತನ ಸಿಕ್ಕುವುದು ದೋಷವಲ್ಲ. ವೇತನಕ್ಕಾಗಿ ಬರೆದದ್ದನ್ನು ತಿರುಚುವುದು ದೋಷ. ಸುಳ್ಳು ಲೆಕ್ಕ ಬರೆದ ಕರಣಿಕನಿಗೂ, ಹಣದ ಆಸೆಗೆ ಸುಳ್ಳು ಸಂಗತಿ ಬರೆದ ಲೇಖಕನಿಗೂ ಭೇದವಿಲ್ಲ.

ಈ ವಿಷಯದಲ್ಲಿ ಪಾಶ್ಚಾತ್ಯ ದೇಶದ ಒಬ್ಬ ಮಹಾಲೇಖಕನ ಜೀವನವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಆತನು ಶರಣಮಾರ್ಗವನ್ನು ಅರಿತವನಲ್ಲ. ಆದರೂ ಋಣ, ಬರವಣಿಗೆ ಎಂಬ ಎರಡನ್ನೂ ಒಂದೇ ಹೆಗಲ ಮೇಲೆ ಹೊತ್ತವರಲ್ಲಿ ಅವನಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದು ಸಿಕ್ಕುವುದು ಕಷ್ಟ. ಅವನೇ ಸ್ಕಾಟ್ಲೆಂಡಿನ ಸರ್ ವಾಲ್ಟರ್ ಸ್ಕಾಟ್.

ಸ್ಕಾಟನು 1771ರಲ್ಲಿ ಎಡಿನ್‌ಬರೋ ನಗರದಲ್ಲಿ ಜನಿಸಿದನು. ವೃತ್ತಿಯಿಂದ ನ್ಯಾಯಾಲಯದ ಅಧಿಕಾರಿ. ಕೀರ್ತಿಯಿಂದ ಕವಿ, ಕಾದಂಬರಿಕಾರ. 1814ರಲ್ಲಿ ‘ವೇವರ್ಲಿ’ ಎಂಬ ಕಾದಂಬರಿಯನ್ನು ತನ್ನ ಹೆಸರನ್ನು ಹಾಕದೆಯೇ ಪ್ರಕಟಿಸಿದನು. ಅಲ್ಲಿಂದ ಮುಂದೆ ಅವನ ಪುಸ್ತಕಗಳಿಗೆ ಯುರೋಪಿನಲ್ಲೆಲ್ಲ ಬೇಡಿಕೆ ಹುಟ್ಟಿತು. ಹಣ ಬಂದಿತು; ಹಣದೊಡನೆ ಭೂಮಿಯ ಆಸೆಯೂ ಬಂದಿತು. ಅಬಟ್ಸ್‌ಫರ್ಡ್ ಎಂಬಲ್ಲಿ ಹೊಲದ ಪಕ್ಕದ ಹೊಲವನ್ನು ಕೊಳ್ಳುತ್ತ ಹೋಗಿ, ಕೋಟೆಯಂಥ ಮನೆಯನ್ನು ಕಟ್ಟಿಸಿದನು. ಅಲ್ಲಿ ನಿತ್ಯವೂ ಅತಿಥಿಗಳ ಸಂತೆ. ಇನ್ನೂ ಬರೆಯದ ಪುಸ್ತಕಗಳ ಮೇಲೆ ಪ್ರಕಾಶಕನಿಂದ ಮುಂಗಡವನ್ನೂ ಪಡೆಯುತ್ತಿದ್ದನು.

ಇದರ ಹಿಂದೆ ಲೋಕಕ್ಕೆ ತಿಳಿಯದ ಇನ್ನೊಂದು ಸಂಗತಿಯಿತ್ತು. ಅವನ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಬ್ಯಾಲಂಟೈನ್ ಮುದ್ರಣಾಲಯದಲ್ಲಿ ಸ್ಕಾಟನು ಗುಪ್ತ ಪಾಲುದಾರ. ಪ್ರಕಾಶಕನಾದ ಕಾನ್‌ಸ್ಟೇಬಲನು ಮುದ್ರಣಾಲಯಕ್ಕೆ ರೊಕ್ಕವನ್ನು ಕೊಡುವ ಬದಲು ಮುದ್ದತಿನ ಹುಂಡಿಗಳನ್ನು ಬರೆದುಕೊಡುತ್ತಿದ್ದನು. ಮುದ್ರಣಾಲಯವು ಪ್ರತಿಯಾಗಿ ತನ್ನ ಹುಂಡಿಗಳನ್ನು ಅವನಿಗೆ ಕೊಡುತ್ತಿತ್ತು. ಎರಡನ್ನೂ ಬ್ಯಾಂಕುಗಳಲ್ಲಿ ಇಟ್ಟು ಹಣವೆತ್ತುವುದು ನಡೆದೇ ಇತ್ತು. ಒಬ್ಬನು ಬಿದ್ದರೆ ಇನ್ನೊಬ್ಬನ ತಲೆಯ ಮೇಲೆ ಎರಡರ ಭಾರವೂ ಬೀಳುವ ಏರ್ಪಾಡು ಇದು. ನಮ್ಮ ಪೇಟೆಗಳಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಂತು ಇಬ್ಬರೂ ಮುಳುಗುವುದನ್ನು ಕಂಡವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 1825ರ ಕೊನೆಯಲ್ಲಿ ಲಂಡನ್ನಿನ ಹಣದ ಪೇಟೆ ಕುಸಿಯಿತು. 1826ರ ಜನವರಿಯಲ್ಲಿ ಕಾನ್‌ಸ್ಟೇಬಲನೂ, ಅವನ ಲಂಡನ್ ಪ್ರತಿನಿಧಿಗಳೂ, ಬ್ಯಾಲಂಟೈನ್ ಮುದ್ರಣಾಲಯವೂ ಒಟ್ಟಿಗೆ ನೆಲಕಚ್ಚಿದವು. ಐವತ್ತನಾಲ್ಕು ವರ್ಷದ ಸ್ಕಾಟನ ಮೇಲೆ ಬಿದ್ದ ಋಣವು 1,20,000 ಪೌಂಡಿಗೂ ಮಿಕ್ಕಿತ್ತು.

ಈ ಘಳಿಗೆಯಲ್ಲಿ ಅವನ ಮುಂದೆ ಎರಡು ದಾರಿಗಳಿದ್ದವು. ದಿವಾಳಿಯೆಂದು ಸಾರಿ, ಇದ್ದುದನ್ನು ಸಾಲಿಗರಿಗೆ ಹಂಚಿ, ಕಾನೂನಿನ ಮೂಲಕ ಹಗುರಾಗಬಹುದಿತ್ತು. ಮಿಕ್ಕ ಎರಡು ಸಂಸ್ಥೆಗಳು ಹಿಡಿದ ದಾರಿ ಅದೇ. ಅವುಗಳ ಸಾಲಿಗರಿಗೆ ದೊರೆತುದು ಅತ್ಯಲ್ಪ. ಸ್ಕಾಟನು ಅದನ್ನು ಒಲ್ಲದೆ, ತನ್ನ ಆಸ್ತಿಯನ್ನೂ ಮುಂದಿನ ಬರವಣಿಗೆಯ ಫಲವನ್ನೂ ಧರ್ಮದರ್ಶಿಗಳ ವಶಕ್ಕೆ ಕೊಟ್ಟು, ಪೂರ್ತಿ ಋಣವನ್ನು ಲೇಖನಿಯಿಂದಲೇ ತೀರಿಸುವುದಾಗಿ ಒಪ್ಪಿಕೊಂಡನು. ಮಿತ್ರರು ಕೊಡಬಂದ ಹಣವನ್ನು ತೆಗೆದುಕೊಳ್ಳಲಿಲ್ಲ. ಎಡಿನ್‌ಬರೋದ ಮನೆ ಮಾರಾಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಪತ್ನಿ ತೀರಿಕೊಂಡಳು. ಬಾಡಿಗೆಯ ಕೋಣೆಯಲ್ಲಿ ಕುಳಿತು ಅವನು ಬರೆಯತೊಡಗಿದನು. ಇಂದು ಎಷ್ಟು ಪುಟವಾಯಿತು, ನಾಳೆ ಎಷ್ಟಾಗಬೇಕು ಎಂಬ ಲೆಕ್ಕವನ್ನು ಅವನ ದಿನಚರಿಯಲ್ಲಿ ನೋಡಬಹುದು.

ಸಂಸಾರಿಗಳು ಗಮನಿಸಬೇಕಾದ ಒಂದು ಅಂಶ ಇಲ್ಲಿದೆ. ಸ್ಕಾಟನು ನ್ಯಾಯಾಲಯದ ತನ್ನ ಉದ್ಯೋಗವನ್ನು ಬಿಡಲಿಲ್ಲ. ಆ ಸಂಬಳದಲ್ಲಿ ಮನೆ ನಡೆಯಿತು. ಬರವಣಿಗೆಯ ಹಣ ಸಾಲಕ್ಕೆ ಹೋಯಿತು. ‘ವುಡ್‌ಸ್ಟಾಕ್’ ಕಾದಂಬರಿಗೆ ಸುಮಾರು 8,000 ಪೌಂಡು ಬಂದಿತು. 1827ರಲ್ಲಿ ಹೊರಬಂದ ಒಂಬತ್ತು ಸಂಪುಟಗಳ ನೆಪೋಲಿಯನ್ ಚರಿತ್ರೆಗೆ ಸುಮಾರು 18,000 ಪೌಂಡು. ಆ ವರ್ಷದ ಅಂತ್ಯಕ್ಕೆ ಸಾಲಿಗರಿಗೆ ಪೌಂಡಿಗೆ ಆರು ಷಿಲಿಂಗಿನಂತೆ ಮೊದಲ ಕಂತು ಸಂದಿತು. 1829ರಿಂದ ಅವನ ಹಳೆಯ ಕಾದಂಬರಿಗಳೆಲ್ಲ ಹೊಸ ಪೀಠಿಕೆ, ಟಿಪ್ಪಣಿಗಳೊಡನೆ ತಿಂಗಳಿಗೊಂದರಂತೆ ಐದು ಷಿಲಿಂಗಿನ ಸಣ್ಣ ಸಂಪುಟಗಳಾಗಿ ಬರತೊಡಗಿದವು. ದೊಡ್ಡ ಬೆಲೆಯ ಪುಸ್ತಕವನ್ನು ಕೊಳ್ಳಲಾರದ ಸಾಮಾನ್ಯ ಓದುಗರು ಇವನ್ನು ಕೊಂಡರು. ಋಣವನ್ನು ನಿಜವಾಗಿ ಕರಗಿಸಿದುದು ಈ ಸಣ್ಣ ಸಂಪುಟಗಳೇ. 1830ರ ಡಿಸೆಂಬರಿನಲ್ಲಿ ಎರಡನೆಯ ಕಂತು ಸಂದಾಗ ಸಾಲಿಗರೇ ಸಂತೋಷಪಟ್ಟು, ಅವನ ಪುಸ್ತಕಭಂಡಾರವನ್ನೂ ಮನೆಯ ಸಾಮಾನುಗಳನ್ನೂ ಅವನಿಗೇ ಮರಳಿ ಕೊಟ್ಟರು.

ಇಷ್ಟು ಹೇಳಿ ನಿಲ್ಲಿಸಿದರೆ ಸ್ಕಾಟನನ್ನು ಹೊಗಳಿದಂತಾಗುತ್ತದೆ, ಸತ್ಯವನ್ನು ಪೂರ್ತಿ ಹೇಳಿದಂತಾಗುವುದಿಲ್ಲ. ಅಷ್ಟು ದೊಡ್ಡ ನೆಪೋಲಿಯನ್ ಚರಿತ್ರೆಯನ್ನು ಅವನು ಅಲ್ಪಕಾಲದಲ್ಲಿಯೇ ಮುಗಿಸಬೇಕಾಯಿತು. ಅದರಲ್ಲಿ ತಪ್ಪುಗಳು ಉಳಿದವೆಂದು ವಿಮರ್ಶಕರು ತೋರಿಸಿದ್ದಾರೆ. ಬೆನ್ನ ಹಿಂದೆ ಸಾಲಿಗನು ನಿಂತಿರುವಾಗ ಒಂದು ಸಂಗತಿಯನ್ನು ಎರಡು ಸಲ ಪರೀಕ್ಷಿಸುವ ತಾಳ್ಮೆ ಬರುವುದು ಕಷ್ಟ. ಆದರೆ ಅದೇ ಗ್ರಂಥದ ಸಂಬಂಧದಲ್ಲಿ ಅವನ ನಿಷ್ಠೆಯೂ ಪರೀಕ್ಷೆಗೆ ಬಂದಿತು. ನೆಪೋಲಿಯನ್ನನ ಸೇನಾಧಿಕಾರಿಯಾಗಿದ್ದ ಗೂರ್ಗೋ ಎಂಬವನು ತನ್ನ ವಿಷಯದಲ್ಲಿ ಬರೆದುದನ್ನು ಓದಿ ಕ್ರುದ್ಧನಾದನು. ದ್ವಂದ್ವಯುದ್ಧಕ್ಕೆ ಕರೆಯುವನೆಂಬ ಸುದ್ದಿಯೂ ಹಬ್ಬಿತು. ಸರ್ಕಾರದ ಕಾಗದಪತ್ರಗಳನ್ನು ನೋಡಿಯೇ ಬರೆದಿದ್ದ ಸ್ಕಾಟನು ಒಂದಕ್ಷರವನ್ನೂ ಹಿಂತೆಗೆಯಲಿಲ್ಲ. ಅವಸರದಿಂದ ತಪ್ಪುವುದು ಬೇರೆ, ಅಂಜಿ ತಪ್ಪುವುದು ಬೇರೆ. ಮೊದಲನೆಯದಕ್ಕೆ ತಿದ್ದುಪಡಿಯುಂಟು.

1830ರಲ್ಲಿ ಪಾರ್ಶ್ವವಾಯು ಬಡಿಯಿತು. ಬರೆಯಬೇಡವೆಂದು ವೈದ್ಯರು ಹೇಳಿದರೂ ಅವನು ಕೇಳಲಿಲ್ಲ. 1831ರಲ್ಲಿ ಬಂದ ಕೊನೆಯ ಎರಡು ಕಾದಂಬರಿಗಳನ್ನು ಇಂದು ಓದುವವರು ವಿರಳ. ಕೈ ಬರೆಯಿತು, ಬುದ್ಧಿ ಬಳಲಿತ್ತು. ಹವೆಯ ಬದಲಾವಣೆಗಾಗಿ ಇಟಲಿಗೆ ಹೋಗಿ ಮರಳಿದ ಮೇಲೆ ಒಂದು ದಿನ ತನ್ನನ್ನು ಮೇಜಿನ ಮುಂದೆ ಕೂರಿಸಬೇಕೆಂದು ಬೇಡಿಕೊಂಡನು. ಮಗಳು ಲೇಖನಿಯನ್ನು ಕೈಗಿತ್ತಳು. ಬೆರಳುಗಳು ಅದನ್ನು ಹಿಡಿಯಲಾರದೆ ಹೋದವು. ಆ ಮುದುಕನು ಕಣ್ಣೀರಿಟ್ಟನು. 1832ರ ಸೆಪ್ಟೆಂಬರ್ 21ರಂದು ತೀರಿಕೊಂಡನು. ಉಳಿದ ಋಣವು ಅವನ ಜೀವವಿಮೆಯ ಹಣದಿಂದಲೂ, ಗ್ರಂಥಗಳ ಹಕ್ಕಿನ ಮೇಲೆ ಬಂದ ಹಣದಿಂದಲೂ ಅವನ ನಂತರ ಸಂದುಹೋಯಿತು.

ಅಮೆರಿಕದ ಮಾರ್ಕ್ ಟ್ವೇನನ ಕಥೆಯೂ ಇದೇ ಬಗೆಯದು. ಅಚ್ಚಿನ ಮೊಳೆ ಜೋಡಿಸುವ ಯಂತ್ರವೊಂದಕ್ಕೆ ಹಣ ಸುರಿದು, ತನ್ನ ಪ್ರಕಾಶನ ಸಂಸ್ಥೆಯೂ 1894ರಲ್ಲಿ ಮುರಿದುಬಿದ್ದ ಮೇಲೆ, ಅವನು ಲೋಕವನ್ನೆಲ್ಲ ಸುತ್ತಿ ಉಪನ್ಯಾಸ ಮಾಡಿದನು. 1896ರಲ್ಲಿ ನಮ್ಮ ಮುಂಬಯಿ, ಕಾಶಿ, ಕಲಕತ್ತೆಗಳಿಗೂ ಬಂದಿದ್ದನು. ಆ ಪ್ರವಾಸವನ್ನು ಕುರಿತು ಪುಸ್ತಕ ಬರೆದು 1898ರ ಹೊತ್ತಿಗೆ ಪೂರ್ತಿ ಸಾಲವನ್ನು ತೀರಿಸಿದನು. ಕಾನೂನಿನ ಪ್ರಕಾರ ಅಷ್ಟನ್ನು ಕೊಡಬೇಕಾದ ಕಟ್ಟು ಅವನಿಗೂ ಇರಲಿಲ್ಲ.

ಇವರಿಬ್ಬರನ್ನೂ ನೋಡಿ, ‘ನಾನೂ ಬರೆದು ಸಾಲ ತೀರಿಸುತ್ತೇನೆ’ ಎಂದು ಹೊರಡುವವನು ಒಂದು ಮಾತನ್ನು ಮರೆಯಬಾರದು. ಸಾಲ ಬಂದಾಗ ಇವರು ಲೋಕಪ್ರಸಿದ್ಧರಾಗಿದ್ದರು; ಓದುಗರ ಸಮೂಹವು ಮೊದಲೇ ಸಿದ್ಧವಾಗಿತ್ತು. ಹೊಸದಾಗಿ ಬರೆಯುವವನ ಸ್ಥಿತಿ ಹಾಗಲ್ಲ. ಓದುಗರು ಕೂಡುವುದಕ್ಕೆ ವರ್ಷಗಳು ಬೇಕು. ಓದುವವರ ಎಣಿಕೆಯನ್ನು ನೋಡಿ ಜಾಹೀರಾತಿನವರು ಕೊಡುವ ಹಣವೂ ಮೊದಮೊದಲು ಹನಿಹನಿಯಾಗಿಯೇ ಬರುತ್ತದೆ. ಬಡ್ಡಿಗಾದರೋ ಈ ವಿಳಂಬವಿಲ್ಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ 1,00,000 ರೂಪಾಯಿ ತಂದವನು ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿಗಳನ್ನು ಬಡ್ಡಿಗೇ ತೆರಬೇಕು. ಅಸಲು ಹಾಗೆಯೇ ನಿಂತಿರುತ್ತದೆ. ಆದುದರಿಂದ ಇದ್ದ ಉದ್ಯೋಗವನ್ನು ಬಿಟ್ಟು ಬರೆಯಕೂರುವುದು, ಬರವಣಿಗೆಯಿಂದ ಬಂದೀತೆಂಬ ಹಣವನ್ನು ನೆಚ್ಚಿ ಹೊಸ ಸಾಲ ಮಾಡುವುದು, ಬರೆದು ಗಳಿಸುವುದನ್ನು ಕಲಿಸುತ್ತೇವೆಂಬವರಿಗೆ ಸಾಲ ತಂದು ಹಣ ತೆರುವುದು, ಇವೆಲ್ಲ ಗಾಯದ ಮೇಲೆ ಬರೆ ಎಳೆದಂತೆ. ಹಗಲು ದುಡಿದು ರಾತ್ರಿ ಬರೆಯಲಿ. ಬರವಣಿಗೆಯಿಂದ 200 ರೂಪಾಯಿ ಬಂದರೂ ಅದು ಮನೆಯ ಖರ್ಚಿನಲ್ಲಿ ಬೆರೆಯದೆ ನೇರವಾಗಿ ಅಸಲಿಗೆ ಸಲ್ಲಲಿ.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯವೊಂದಿದೆ. ಸಾಲಗಾರನ ಲೇಖನಿಯನ್ನು ಕೊಳ್ಳಲು ಬರುವವರು ಬಹುಮಂದಿ. ತಾನು ಮುಟ್ಟಿಯೂ ನೋಡದ ಔಷಧಿಯನ್ನು ರಾಮಬಾಣವೆಂದು ಬರೆ ಎನ್ನುತ್ತಾರೆ. ಕಂಡರಿಯದವನನ್ನು ದೂಷಿಸಿ ಬರೆ ಎನ್ನುತ್ತಾರೆ. ಜಾತಿಜಾತಿಗಳ ನಡುವೆ ಕಿಚ್ಚು ಹೊತ್ತಿಸಿದರೆ ಓದುವವರು ಹೆಚ್ಚುತ್ತಾರೆ, ಹಣವೂ ಹೆಚ್ಚುತ್ತದೆ ಎನ್ನುತ್ತಾರೆ. ವಾಯಿದೆಯ ದಿನ ಹತ್ತಿರ ಬಂದವನಿಗೆ ಈ ಮಾತು ಎಷ್ಟು ಮಧುರವಾಗಿ ಕೇಳುವುದೆಂಬುದನ್ನು ಸಾಲವಿಲ್ಲದವರು ಊಹಿಸಲಾರರು. ಅವರು ಇಂಥವನನ್ನು ಬೇಗನೆ ನಿಂದಿಸುವುದೂ ತರವಲ್ಲ. ಆದರೂ ಇಲ್ಲಿ ಶರಣಮಾರ್ಗವು ಸಡಿಲಗೊಳ್ಳುವುದಿಲ್ಲ. ಮುತ್ತು, ಮಾಣಿಕ್ಯ, ಸ್ಫಟಿಕಗಳನ್ನು ಹೋಲಿಕೆಯಾಗಿ ತಂದು ನುಡಿಯ ಲಕ್ಷಣವನ್ನು ಹೇಳಿದ ಅಣ್ಣನವರು, ಕೊನೆಗೆ ಆ ನುಡಿಯನ್ನು ಲಿಂಗದ ಒಪ್ಪಿಗೆಗೇ ಬಿಟ್ಟಿದ್ದಾರೆ, ಓದುಗರ ಎಣಿಕೆಗೆ ಬಿಟ್ಟಿಲ್ಲ. ಸಾಲಿಗನಿಗೆ ಕೊಡಬೇಕಾದುದು ಹಣ. ಅವನಿಗೆ ಕೊಡುವುದಕ್ಕಾಗಿ ಓದುಗನಿಂದ ಸತ್ಯವನ್ನು ಕದ್ದರೆ, ಒಂದು ಋಣವು ತೀರುವ ಮೊದಲೇ ಇನ್ನೊಂದು ಹುಟ್ಟಿತು. ಈ ಎರಡನೆಯ ಸಾಲಿಗನ ಹೆಸರೂ ವಿಳಾಸವೂ ತಿಳಿಯದಾದ್ದರಿಂದ ಅದನ್ನು ತೀರಿಸುವ ಬಗೆಯೇ ಇಲ್ಲ.

ಸ್ಕಾಟನ ಅತಿಥಿಸತ್ಕಾರದ ಮಾತು ಹಿಂದೆ ಬಂದಿತು. ಅದು ನಮ್ಮವರಿಗೂ ತಾಗುವ ಮಾತು. ಸಾಲ ತಂದು ಜಾತ್ರೆಯಲ್ಲಿ ಪ್ರಸಾದ ಮಾಡಿಸುವವರು, ಸಾಲ ತಂದು ನೂರಾರು ಎಲೆ ಹಾಕಿಸಿ ಮದುವೆ ಮಾಡುವವರು, ಅದನ್ನು ದಾಸೋಹವೆಂದೇ ತಿಳಿದಿದ್ದಾರೆ. ಮಠದ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಬರೆಯಲೇಬೇಕು. ದಾಸೋಹಕ್ಕೆ ಮೂಲ ಸತ್ಯಶುದ್ಧ ಕಾಯಕ. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಲೆಯ ಮೇಲಿಡಲಿಲ್ಲ. ಇಷ್ಟೊಂದು ಆಸೆ ಅರಸರಿಗೆ ಸಲ್ಲಬಹುದು, ಶಿವಭಕ್ತರಿಗೆ ಸಲ್ಲದೆಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಗಂಡನನ್ನು ಕಳುಹಿದಳು. ಆಯ್ದು ತಂದ ಅಕ್ಕಿಯೇ ಹೆಚ್ಚಾದರೆ ಸಲ್ಲದೆಂದ ಆ ಮಹಾತಾಯಿಯು, ಬಡ್ಡಿಗೆ ತಂದ ಅಕ್ಕಿಯನ್ನು ಕಂಡಿದ್ದರೆ ಏನೆನ್ನುತ್ತಿದ್ದಳೋ! ಸಾಲದ ಹಣದಿಂದ ನಡೆಯುವ ದಾಸೋಹದಲ್ಲಿ ದಾಸೋಹಿಯು ಸಾಲ ಕೊಟ್ಟವನೇ ಹೊರತು ಎಲೆ ಹಾಕಿಸಿದವನಲ್ಲ. ಹೀಗೆ ಋಣದಲ್ಲಿರುವ ಭಕ್ತನು ಮಠಕ್ಕೆ ಕಾಣಿಕೆ ಕೊಡಲಿಲ್ಲವೆಂದು ಸಂಕೋಚಪಡಬೇಕಾದುದಿಲ್ಲ. ಅವನ ಕಾಣಿಕೆಯು ಋಣ ತೀರಿದ ಮೇಲೆ ಬಂದರೆ ಸಾಕು.

ಹಾಗಾದರೆ ಸಾಲ ತೀರುವವರೆಗೆ ಅವನಿಗೆ ದಾಸೋಹವೇ ಇಲ್ಲವೇ? ಇದೆ. ಲೇಖನಿಯುಳ್ಳವನಿಗೆ ವಿಶೇಷವಾಗಿ ಇದೆ. ನಮ್ಮ ಕೈಯಲ್ಲಿರುವ ವಚನಗಳ ಕಥೆಯನ್ನೇ ನೋಡೋಣ. ವಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಮನೆಮನೆಯಿಂದ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ. ಮರುವರ್ಷ ‘ಶಿವಾನುಭವ’ ಪತ್ರಿಕೆ. ಇವುಗಳಿಗಾಗಿ ಅವರು ಸ್ವಂತ ಮನೆಯನ್ನು ಮಾರಿ ಬಾಡಿಗೆಯ ಮನೆಯಲ್ಲಿ ಬಾಳಿದರು. ಆ ಬರವಣಿಗೆಯಿಂದ ಗಳಿಸುವ ಆಸೆಯೇ ಅವರಿಗಿರಲಿಲ್ಲ. 1964ರ ಜೂನ್ 29ರಂದು ಲಿಂಗೈಕ್ಯರಾದ ಆ ಮಹನೀಯರಂತೆ ಎಲ್ಲರೂ ಮನೆ ಮಾರಬೇಕೆಂದು ಹೇಳುತ್ತಿಲ್ಲ. ಸಾಲಗಾರನಿಗೆ ಮಾರಲು ಮನೆಯಾದರೂ ಎಲ್ಲಿಯದು? ಹೇಳಬೇಕಾದುದಿಷ್ಟೇ: ಎಲ್ಲ ಬರವಣಿಗೆಗೂ ಬೆಲೆ ಕಟ್ಟಿದರೆ ಲೇಖನಿಗೆ ಬಡತನ ಬರುತ್ತದೆ. ವಾರದಲ್ಲಿ ಆರು ರಾತ್ರಿಗಳು ಸಾಲಕ್ಕಾಗಿ ಬರೆದವನು ಏಳನೆಯ ರಾತ್ರಿ ಬೆಲೆಯಿಲ್ಲದೆ ಬರೆಯಲಿ. ಇದಕ್ಕೆ ಸಾಲ ತರಬೇಕಾಗಿಲ್ಲ. ಎಣ್ಣೆ, ಅಕ್ಕಿ, ಬೆಲ್ಲ ಯಾವುದೂ ಬೇಕಾಗಿಲ್ಲ.

ಬರೆಯುವುದು ದೊಡ್ಡ ಗ್ರಂಥವೇ ಆಗಬೇಕೆಂದೇನೂ ಇಲ್ಲ. ಓಣಿಯಲ್ಲಿ ವಿಧವಾವೇತನದ ಅರ್ಜಿಯನ್ನು ತುಂಬಲಾರದ ಮುದುಕಿಯೊಬ್ಬಳಿರುತ್ತಾಳೆ. ಬೆಳೆವಿಮೆಯ ಕಾಗದವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಏನು ಬರೆದಿದೆಯೆಂದು ತಿಳಿಯದ ಒಕ್ಕಲಿಗನಿರುತ್ತಾನೆ. ಬ್ಯಾಂಕಿನಿಂದ ಬಂದ ನೋಟೀಸಿಗೆ ಉತ್ತರ ಬರೆದು ಕಂತಿನ ಅವಧಿಯನ್ನು ಕೇಳಬಹುದೆಂಬುದನ್ನೇ ಅರಿಯದೆ, ಬಾಗಿಲು ಹಾಕಿಕೊಂಡು ಕುಳಿತ ಇನ್ನೊಬ್ಬ ಸಾಲಗಾರನೂ ಇರುತ್ತಾನೆ. ಅವನ ಪತ್ರವನ್ನು ಬರೆದುಕೊಡಲು ತಾನೂ ಸಾಲಗಾರನಾದವನಿಗಿಂತ ತಕ್ಕವರು ಯಾರಿದ್ದಾರೆ?